ಅಮೆರಿಕದ ಪ್ರೌಢಶಾಲೆಯ ಜೂನಿಯರ್ ವರ್ಷ

ಜೂನಿಯರ್ ವರ್ಷ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ನಾಲ್ಕು ವರ್ಷಗಳ ಪ್ರೌಢಶಾಲಾ ಶಿಕ್ಷಣದ ಮೂರನೆಯ ವರ್ಷ, ಅಂದರೆ ಹನ್ನೊಂದನೆಯ ತರಗತಿ. ಈ ಹಂತದ ವಿದ್ಯಾರ್ಥಿಗಳ ವಯಸ್ಸು ಸಾಮಾನ್ಯವಾಗಿ 16ರಿಂದ 17 ವರ್ಷ. ಪ್ರೌಢಶಾಲೆಯ ಡಿಪ್ಲೊಮಾ ದೊರೆಯುವುದು ಹನ್ನೆರಡನೆಯ ತರಗತಿಯ ಕೊನೆಯಲ್ಲಿ. ಆದರೆ ಕಾಲೇಜುಗಳಿಗೆ ಅರ್ಜಿ ಸಲ್ಲಿಸುವ ಅವಧಿ ಆ ವರ್ಷದ ಆರಂಭದ ತಿಂಗಳುಗಳಲ್ಲೇ ಬರುವುದರಿಂದ, ಪ್ರವೇಶಾಧಿಕಾರಿಗಳ ಮುಂದಿರುವ ಅಂಕಪಟ್ಟಿಯಲ್ಲಿ ಪೂರ್ಣಗೊಂಡ ಕೊನೆಯ ವರ್ಷ ಹನ್ನೊಂದನೆಯ ತರಗತಿಯೇ ಆಗಿರುತ್ತದೆ. ಈ ಕಾರಣದಿಂದ ಡಿಪ್ಲೊಮಾದ ಅಗತ್ಯಗಳನ್ನು ಪರಿಶೀಲಿಸುವುದು, ಪ್ರವೇಶ ಪರೀಕ್ಷೆಗಳನ್ನು ಬರೆಯುವುದು, ಕಾಲೇಜುಗಳನ್ನು ಆರಿಸುವುದು ಮತ್ತು ಶಿಕ್ಷಣದ ವೆಚ್ಚವನ್ನು ಅಂದಾಜಿಸುವುದು ಈ ವರ್ಷದಲ್ಲಿ ಒಟ್ಟಾಗಿ ನಡೆಯುತ್ತವೆ. ಈ ಸಿದ್ಧತೆಗೆ ನೆರವಾಗಲು ಶಾಲಾ ಸಲಹೆಗಾರರು, ಒಕ್ಕೂಟ ಸರ್ಕಾರದ ಯೋಜನೆಗಳು ಮತ್ತು ಸ್ವಯಂಸೇವಾ ಸಂಸ್ಥೆಗಳು ಕೆಲಸ ಮಾಡುತ್ತವೆ.

ಹಿನ್ನೆಲೆ

ಅಮೆರಿಕದ ಪ್ರೌಢಶಾಲೆಯು ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷಗಳನ್ನು ಒಳಗೊಂಡಿದೆ. ಈ ನಾಲ್ಕು ತರಗತಿಗಳ ವಿದ್ಯಾರ್ಥಿಗಳನ್ನು ಕ್ರಮವಾಗಿ ಫ್ರೆಶ್‌ಮನ್, ಸಾಫಮೋರ್, ಜೂನಿಯರ್ ಮತ್ತು ಸೀನಿಯರ್ ಎಂದು ಕರೆಯಲಾಗುತ್ತದೆ. ನಾಲ್ಕು ವರ್ಷಗಳ ಕಾಲೇಜು ಪದವಿಯಲ್ಲಿಯೂ ಇದೇ ಹೆಸರುಗಳು ಬಳಕೆಯಲ್ಲಿವೆ.

ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಏಕರೂಪದ ಪ್ರೌಢಶಾಲಾ ಅಂತಿಮ ಪರೀಕ್ಷೆ ಇಲ್ಲ. ಶಿಕ್ಷಣವು ರಾಜ್ಯಗಳ ಹೊಣೆಯಾಗಿದ್ದು, ಡಿಪ್ಲೊಮಾಕ್ಕೆ ಬೇಕಾದ ಕನಿಷ್ಠ ಅಗತ್ಯಗಳನ್ನು ರಾಜ್ಯ ಸರ್ಕಾರಗಳೂ ಸ್ಥಳೀಯ ಶಾಲಾ ಮಂಡಳಿಗಳೂ ನಿಗದಿಪಡಿಸುತ್ತವೆ. ವಿದ್ಯಾರ್ಥಿಯು ಪ್ರತಿ ವಿಷಯದಲ್ಲಿ ತೇರ್ಗಡೆಯಾದಾಗ ಕ್ರೆಡಿಟ್‌ಗಳು ದೊರೆಯುತ್ತವೆ, ನಿಗದಿತ ಸಂಖ್ಯೆಯ ಕ್ರೆಡಿಟ್‌ಗಳು ಕೂಡಿದಾಗ ಡಿಪ್ಲೊಮಾ ಲಭಿಸುತ್ತದೆ. ಕಲಿಕೆಯನ್ನು ಬೋಧನೆಯ ಗಂಟೆಗಳಲ್ಲಿ ಅಳೆಯುವ ಈ ಪದ್ಧತಿಯ ಮೂಲ 20ನೆಯ ಶತಮಾನದ ಆರಂಭದ ಕಾರ್ನೆಗಿ ಮಾನದಲ್ಲಿದೆ. ಒಂದು ವಿಷಯವನ್ನು ವರ್ಷದಲ್ಲಿ ಸುಮಾರು 120 ಗಂಟೆ ಕಲಿತರೆ ಅದು ಒಂದು ಮಾನವೆನಿಸುತ್ತದೆ.

ಒಂಬತ್ತನೆಯ ತರಗತಿಯಿಂದ ಪಡೆದ ಶ್ರೇಣಿಗಳ ಸರಾಸರಿಯನ್ನು ಜಿಪಿಎ ಎನ್ನುತ್ತಾರೆ. ಸಾಮಾನ್ಯ ಲೆಕ್ಕದಲ್ಲಿ 'ಎ' ಶ್ರೇಣಿಗೆ 4, 'ಬಿ'ಗೆ 3, 'ಸಿ'ಗೆ 2 ಮತ್ತು 'ಡಿ'ಗೆ 1 ಅಂಶ ಸಲ್ಲುತ್ತದೆ. ಕಠಿಣ ಪಠ್ಯಕ್ರಮದ ವಿಷಯಗಳಿಗೆ ಅನೇಕ ಶಾಲೆಗಳು ಹೆಚ್ಚುವರಿ ಅಂಶ ನೀಡುತ್ತವೆ. ಈ ಸರಾಸರಿಯು ವರ್ಷದಿಂದ ವರ್ಷಕ್ಕೆ ಸಂಚಯವಾಗುತ್ತ ಹೋಗುವುದರಿಂದ, ಕೊನೆಯಲ್ಲಿ ಬರೆಯುವ ಒಂದು ದೊಡ್ಡ ಪರೀಕ್ಷೆಯಿಂದ ಹಿಂದಿನ ಕೊರತೆಯನ್ನು ತುಂಬಿಕೊಳ್ಳಲು ಅವಕಾಶವಿಲ್ಲ.

ಡಿಪ್ಲೊಮಾ ಮತ್ತು ಕಾಲೇಜು ಅರ್ಹತೆಯ ನಡುವಿನ ಅಂತರ

ಪ್ರೌಢಶಾಲೆಯಲ್ಲಿ ತೇರ್ಗಡೆಯಾಗಲು ಬೇಕಾದ ವಿಷಯಗಳೂ ನಾಲ್ಕು ವರ್ಷಗಳ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಲು ಬೇಕಾದ ವಿಷಯಗಳೂ ಒಂದೇ ಆಗಿರಬೇಕೆಂದಿಲ್ಲ. ಜೂನಿಯರ್ ವರ್ಷದಲ್ಲಿ ನೀಡುವ ಮಾರ್ಗದರ್ಶನದ ಮೊದಲ ಕೆಲಸ ಈ ಅಂತರವನ್ನು ಗುರುತಿಸುವುದು.

ಇದಕ್ಕೆ ಕ್ಯಾಲಿಫೋರ್ನಿಯಾ ರಾಜ್ಯ ಸ್ಪಷ್ಟ ಉದಾಹರಣೆ. ಅಲ್ಲಿನ ಶಿಕ್ಷಣ ಸಂಹಿತೆಯ ಕನಿಷ್ಠ ಅಗತ್ಯದ ಪ್ರಕಾರ ಡಿಪ್ಲೊಮಾಕ್ಕೆ ಮೂರು ವರ್ಷಗಳ ಇಂಗ್ಲಿಷ್ ಮತ್ತು ಎರಡು ವರ್ಷಗಳ ಗಣಿತ ಸಾಕು. ಸ್ಥಳೀಯ ಮಂಡಳಿಗಳು ಇದಕ್ಕಿಂತ ಹೆಚ್ಚಿನದನ್ನು ಕೇಳಬಹುದು. ಆದರೆ ರಾಜ್ಯದ ಎರಡು ಸಾರ್ವಜನಿಕ ವಿಶ್ವವಿದ್ಯಾಲಯ ವ್ಯವಸ್ಥೆಗಳಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯಗಳು 'ಎ-ಜಿ' ಎಂದು ಕರೆಯಲಾಗುವ 15 ವಾರ್ಷಿಕ ವಿಷಯಗಳನ್ನು ಬಯಸುತ್ತವೆ. ಅವು ಹೀಗಿವೆ:

- ಇತಿಹಾಸ ಮತ್ತು ಸಮಾಜ ವಿಜ್ಞಾನ: 2 ವರ್ಷ
- ಇಂಗ್ಲಿಷ್: 4 ವರ್ಷ
- ಗಣಿತ: 3 ವರ್ಷ
- ವಿಜ್ಞಾನ: 2 ವರ್ಷ
- ಇಂಗ್ಲಿಷ್ ಅಲ್ಲದ ಭಾಷೆ: 2 ವರ್ಷ
- ದೃಶ್ಯ ಮತ್ತು ಪ್ರದರ್ಶನ ಕಲೆ: 1 ವರ್ಷ
- ಕಾಲೇಜು ಸಿದ್ಧತೆಯ ಐಚ್ಛಿಕ ವಿಷಯ: 1 ವರ್ಷ

ಈ ವಿಷಯಗಳಲ್ಲಿ 'ಸಿ' ಅಥವಾ ಅದಕ್ಕಿಂತ ಮೇಲಿನ ಶ್ರೇಣಿ ಇರಬೇಕು. 'ಡಿ' ಶ್ರೇಣಿ ಪಡೆದವರಿಗೂ ಅನೇಕ ಶಾಲೆಗಳು ಡಿಪ್ಲೊಮಾದ ಕ್ರೆಡಿಟ್ ನೀಡುತ್ತವೆ. ಹೀಗಾಗಿ ಎಲ್ಲ ವಿಷಯಗಳಲ್ಲಿ ತೇರ್ಗಡೆಯಾಗಿ, ಪದವಿ ಪ್ರದಾನ ಸಮಾರಂಭದಲ್ಲಿ ಡಿಪ್ಲೊಮಾ ಸ್ವೀಕರಿಸಿದ ವಿದ್ಯಾರ್ಥಿಯೊಬ್ಬ ತನ್ನದೇ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ನೇರ ಪ್ರವೇಶ ಪಡೆಯಲು ಅನರ್ಹನಾಗಿರುವ ಸಾಧ್ಯತೆ ಇದೆ. ಶಾಲೆಯು ವಿದ್ಯಾರ್ಥಿಯನ್ನು ಅನುತ್ತೀರ್ಣಗೊಳಿಸದ ಕಾರಣ ಈ ಕೊರತೆಯ ಬಗ್ಗೆ ಕುಟುಂಬಕ್ಕೆ ಯಾವ ಎಚ್ಚರಿಕೆಯೂ ತಲುಪದೆ ಹೋಗಬಹುದು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಈ 15ರಲ್ಲಿ ಕನಿಷ್ಠ 11 ವಿಷಯಗಳನ್ನು ಸೀನಿಯರ್ ವರ್ಷ ಆರಂಭವಾಗುವ ಮುನ್ನವೇ ಮುಗಿಸಿರಬೇಕೆಂದು ವಿಧಿಸುತ್ತದೆ. ಪ್ರವೇಶಕ್ಕಾಗಿ ಅದು ಲೆಕ್ಕ ಹಾಕುವ ಜಿಪಿಎ ಕೂಡ ಒಂಬತ್ತನೆಯ ತರಗತಿಯ ನಂತರದ ಬೇಸಿಗೆಯಿಂದ ಹನ್ನೊಂದನೆಯ ತರಗತಿಯ ನಂತರದ ಬೇಸಿಗೆಯವರೆಗಿನ ವಿಷಯಗಳನ್ನು ಮಾತ್ರ ಆಧರಿಸಿದೆ. ಆದ್ದರಿಂದ ಕಡಿಮೆ ಶ್ರೇಣಿ ಬಂದ ವಿಷಯವನ್ನು ಮತ್ತೆ ಓದಿ ಸರಿಪಡಿಸಿಕೊಳ್ಳಲು ಜೂನಿಯರ್ ವರ್ಷ ಮತ್ತು ಅದರ ನಂತರದ ಬೇಸಿಗೆ ಶಾಲೆ ಮುಖ್ಯ ಅವಕಾಶಗಳಾಗಿವೆ.

ಇಂತಹ ನಿಯಮಗಳು ಇತರೆಡೆಯೂ ಇವೆ. ಟೆಕ್ಸಾಸ್ ರಾಜ್ಯವು 1997ರಲ್ಲಿ ರೂಪಿಸಿದ ಕಾನೂನಿನಂತೆ ತರಗತಿಯ ಮೊದಲ ಶೇಕಡಾ 10ರಷ್ಟು ವಿದ್ಯಾರ್ಥಿಗಳಿಗೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶದ ಹಕ್ಕಿದೆ. ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಮಾತ್ರ ಈ ಮಿತಿ ಇನ್ನೂ ಕಡಿಮೆ. ಅರ್ಜಿಯ ಗಡುವು ಹನ್ನೆರಡನೆಯ ತರಗತಿಯ ಮೊದಲಾರ್ಧದಲ್ಲೇ ಬರುವುದರಿಂದ ಬಹುತೇಕ ಅರ್ಜಿದಾರರಿಗೆ ಹನ್ನೊಂದನೆಯ ತರಗತಿಯ ಕೊನೆಯಲ್ಲಿ ದೊರೆತ ಸ್ಥಾನವೇ ಲೆಕ್ಕಕ್ಕೆ ಬರುತ್ತದೆ. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯು ಮೊದಲ ವಿಭಾಗದಲ್ಲಿ ಆಡಬಯಸುವ ವಿದ್ಯಾರ್ಥಿಗಳಿಗೆ 16 ಮೂಲ ವಿಷಯಗಳನ್ನು ಕಡ್ಡಾಯಗೊಳಿಸಿದೆ. ಅವುಗಳಲ್ಲಿ 10 ವಿಷಯಗಳು ಏಳನೆಯ ಸೆಮಿಸ್ಟರ್‌ಗೆ ಮುನ್ನ, ಅಂದರೆ ಜೂನಿಯರ್ ವರ್ಷದ ಕೊನೆಯೊಳಗೆ ಮುಗಿದಿರಬೇಕು.

ಪರೀಕ್ಷೆಗಳು ಮತ್ತು ಉನ್ನತ ಪಠ್ಯಕ್ರಮ

ಅಕ್ಟೋಬರ್ ತಿಂಗಳಲ್ಲಿ ಜೂನಿಯರ್‌ಗಳು ಪಿಎಸ್‌ಎಟಿ ಪರೀಕ್ಷೆ ಬರೆಯುತ್ತಾರೆ. ಇದು ಎಸ್‌ಎಟಿಯ ಪೂರ್ವಾಭ್ಯಾಸವಾಗಿರುವುದರ ಜೊತೆಗೆ, 1955ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಮೆರಿಟ್ ವಿದ್ಯಾರ್ಥಿವೇತನ ಸ್ಪರ್ಧೆಯ ಮೊದಲ ಹಂತವೂ ಹೌದು. ಇದೇ ಪರೀಕ್ಷೆಯನ್ನು ಹತ್ತನೆಯ ತರಗತಿಯಲ್ಲಿ ಬರೆಯಬಹುದಾದರೂ ಸ್ಪರ್ಧೆಗೆ ಸಾಮಾನ್ಯವಾಗಿ ಹನ್ನೊಂದನೆಯ ತರಗತಿಯ ಅಂಕಗಳನ್ನು ಮಾತ್ರ ಪರಿಗಣಿಸಲಾಗುತ್ತದೆ.

ಕಾಲೇಜು ಪ್ರವೇಶದ ಎರಡು ಪ್ರಮುಖ ಪರೀಕ್ಷೆಗಳು 1926ರಲ್ಲಿ ಆರಂಭವಾದ ಎಸ್‌ಎಟಿ ಮತ್ತು 1959ರಲ್ಲಿ ಆರಂಭವಾದ ಎಸಿಟಿ. ಎಸ್‌ಎಟಿಯ ಅಂಕಗಳು 400ರಿಂದ 1600ರವರೆಗೆ, ಎಸಿಟಿಯ ಅಂಕಗಳು 1ರಿಂದ 36ರವರೆಗೆ ಇರುತ್ತವೆ. 2024ರ ಮಾರ್ಚ್‌ನಿಂದ ಅಮೆರಿಕದಲ್ಲಿ ಎಸ್‌ಎಟಿಯನ್ನು ಸಂಪೂರ್ಣವಾಗಿ ಡಿಜಿಟಲ್ ರೂಪದಲ್ಲಿ ನಡೆಸಲಾಗುತ್ತಿದ್ದು, ಅದರ ಅವಧಿ 2 ಗಂಟೆ 14 ನಿಮಿಷ. ಮಿಷಿಗನ್ ಮತ್ತು ಕೊಲೊರಾಡೊದಂತಹ ರಾಜ್ಯಗಳು ಹನ್ನೊಂದನೆಯ ತರಗತಿಯ ವಿದ್ಯಾರ್ಥಿಗಳಿಗೆ ಶಾಲಾ ವೇಳೆಯಲ್ಲೇ ಈ ಪರೀಕ್ಷೆಯನ್ನು ಏರ್ಪಡಿಸುತ್ತವೆ. ಕಡಿಮೆ ಆದಾಯದ ಕುಟುಂಬಗಳ ಜೂನಿಯರ್ ಮತ್ತು ಸೀನಿಯರ್ ವಿದ್ಯಾರ್ಥಿಗಳಿಗೆ ಎರಡೂ ಪರೀಕ್ಷೆಗಳಲ್ಲಿ ಶುಲ್ಕ ವಿನಾಯಿತಿ ಲಭ್ಯವಿದೆ.

2020ರ ಕೋವಿಡ್ ಸಾಂಕ್ರಾಮಿಕದ ನಂತರ ನೂರಾರು ಕಾಲೇಜುಗಳು ಈ ಅಂಕಗಳನ್ನು ಐಚ್ಛಿಕಗೊಳಿಸಿದವು. ಕ್ಯಾಲಿಫೋರ್ನಿಯಾದ ಎರಡೂ ಸಾರ್ವಜನಿಕ ವ್ಯವಸ್ಥೆಗಳು ಪ್ರವೇಶ ನಿರ್ಧಾರದಲ್ಲಿ ಅವುಗಳ ಬಳಕೆಯನ್ನೇ ಕೈಬಿಟ್ಟವು. ಇದಕ್ಕೆ ವ್ಯತಿರಿಕ್ತವಾಗಿ ಎಂಐಟಿ 2022ರಲ್ಲಿ, ಡಾರ್ಟ್‌ಮತ್, ಬ್ರೌನ್ ಮತ್ತು ಹಾರ್ವರ್ಡ್ ಸಂಸ್ಥೆಗಳು 2024ರಲ್ಲಿ ಪರೀಕ್ಷಾ ಅಂಕಗಳನ್ನು ಮತ್ತೆ ಕಡ್ಡಾಯಗೊಳಿಸುವ ನಿರ್ಧಾರ ಪ್ರಕಟಿಸಿದವು. ನಿಯಮಗಳು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುವುದರಿಂದ, ಪರೀಕ್ಷೆ ಬರೆಯಬೇಕೇ ಎಂಬ ಪ್ರಶ್ನೆಗೆ ಉತ್ತರವು ವಿದ್ಯಾರ್ಥಿ ಆರಿಸಿಕೊಳ್ಳುವ ಕಾಲೇಜುಗಳನ್ನು ಅವಲಂಬಿಸಿದೆ.

ಕಾಲೇಜು ಮಟ್ಟದ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ವಿಷಯಗಳ ಪರೀಕ್ಷೆಗಳು ಮೇ ತಿಂಗಳಲ್ಲಿ ನಡೆಯುತ್ತವೆ. ಇವುಗಳಿಗೆ 1ರಿಂದ 5ರವರೆಗೆ ಅಂಕ ನೀಡಲಾಗುತ್ತಿದ್ದು, 3 ಅಥವಾ ಹೆಚ್ಚಿನ ಅಂಕಗಳಿಗೆ ಅನೇಕ ಕಾಲೇಜುಗಳು ಕ್ರೆಡಿಟ್ ನೀಡುತ್ತವೆ. ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್‌ನ ಎರಡು ವರ್ಷಗಳ ಡಿಪ್ಲೊಮಾ ಕಾರ್ಯಕ್ರಮವೂ ಹನ್ನೊಂದನೆಯ ತರಗತಿಯಲ್ಲಿ ಆರಂಭವಾಗುತ್ತದೆ. ಪ್ರೌಢಶಾಲೆಯಲ್ಲಿದ್ದುಕೊಂಡೇ ಹತ್ತಿರದ ಸಮುದಾಯ ಕಾಲೇಜಿನ ತರಗತಿಗಳಿಗೆ ಸೇರುವ ದ್ವಿ ದಾಖಲಾತಿ ವ್ಯವಸ್ಥೆಯೂ ಬಳಕೆಯಲ್ಲಿದೆ.

ಹಣಕಾಸಿನ ಸಿದ್ಧತೆ

ಒಕ್ಕೂಟ ಸರ್ಕಾರದ ವಿದ್ಯಾರ್ಥಿ ಸಹಾಯಕ್ಕೆ ಸಲ್ಲಿಸುವ ಅರ್ಜಿಯನ್ನು ಸಂಕ್ಷಿಪ್ತವಾಗಿ ಫಾಫ್ಸಾ ಎನ್ನುತ್ತಾರೆ. ಇದನ್ನು ಸೀನಿಯರ್ ವರ್ಷದಲ್ಲಿ ತುಂಬಲಾಗುತ್ತದೆಯಾದರೂ ಅದರಲ್ಲಿ ಕೇಳುವ ಆದಾಯದ ವಿವರ ಕಾಲೇಜು ಸೇರುವ ವರ್ಷಕ್ಕಿಂತ ಎರಡು ವರ್ಷ ಹಿಂದಿನದು. 2027ರ ಶರತ್ಕಾಲದಲ್ಲಿ ಕಾಲೇಜು ಸೇರುವ ವಿದ್ಯಾರ್ಥಿಯ ಅರ್ಜಿಯು ಕುಟುಂಬದ 2025ರ ತೆರಿಗೆ ವಿವರಗಳನ್ನು ಆಧರಿಸುತ್ತದೆ. ಅಂದರೆ ಹತ್ತನೆಯ ತರಗತಿಯ ಉತ್ತರಾರ್ಧ ಮತ್ತು ಹನ್ನೊಂದನೆಯ ತರಗತಿಯ ಪೂರ್ವಾರ್ಧದಲ್ಲಿ ಕುಟುಂಬ ಗಳಿಸಿದ ಆದಾಯವೇ ಮೊದಲ ವರ್ಷದ ಸಹಾಯವನ್ನು ನಿರ್ಧರಿಸುತ್ತದೆ. ಆ ನಂತರ ಪೋಷಕರು ಉದ್ಯೋಗ ಕಳೆದುಕೊಂಡಿದ್ದರೆ, ಕಾಲೇಜಿನ ಹಣಕಾಸು ಸಹಾಯ ಕಚೇರಿಗೆ ದಾಖಲೆಗಳೊಂದಿಗೆ ಮನವಿ ಸಲ್ಲಿಸಿ ಮರುಪರಿಶೀಲನೆ ಕೋರಬಹುದು.

ಅರ್ಜಿಯಿಂದ ದೊರೆಯುವ ಸೂಚ್ಯಂಕದ ಆಧಾರದ ಮೇಲೆ ಪೆಲ್ ಅನುದಾನ, ಸಾಲ ಮತ್ತು ಕೆಲಸದ ಅವಕಾಶಗಳನ್ನು ನೀಡಲಾಗುತ್ತದೆ. ಸೆನೆಟರ್ ಕ್ಲೈಬೋರ್ನ್ ಪೆಲ್ ಅವರ ಹೆಸರಿನ ಈ ಅನುದಾನವನ್ನು ಮರುಪಾವತಿ ಮಾಡಬೇಕಾಗಿಲ್ಲ. 2024–25ರ ಸಾಲಿನಲ್ಲಿ ಅದರ ಗರಿಷ್ಠ ಮೊತ್ತ 7,395 ಡಾಲರ್ ಇತ್ತು.

ಕಾಲೇಜುಗಳು ಪ್ರಕಟಿಸುವ ಶುಲ್ಕಕ್ಕೂ ವಿದ್ಯಾರ್ಥಿಯು ವಾಸ್ತವವಾಗಿ ಪಾವತಿಸುವ ಮೊತ್ತಕ್ಕೂ ದೊಡ್ಡ ವ್ಯತ್ಯಾಸ ಇರುತ್ತದೆ. ಸಾಕಷ್ಟು ಅನುದಾನ ನೀಡಬಲ್ಲ ಖಾಸಗಿ ವಿಶ್ವವಿದ್ಯಾಲಯವು ಕಡಿಮೆ ಆದಾಯದ ಕುಟುಂಬಕ್ಕೆ ಹತ್ತಿರದ ಸಾರ್ವಜನಿಕ ಕಾಲೇಜಿಗಿಂತ ಅಗ್ಗವಾಗಬಹುದು. ಈ ವ್ಯತ್ಯಾಸವನ್ನು ಮುಂಚಿತವಾಗಿ ತಿಳಿಯಲು ಅನುಕೂಲವಾಗುವಂತೆ, ಒಕ್ಕೂಟದ ಸಹಾಯ ಪಡೆಯುವ ಕಾಲೇಜುಗಳು ತಮ್ಮ ಜಾಲತಾಣದಲ್ಲಿ ನಿವ್ವಳ ವೆಚ್ಚದ ಗಣಕವನ್ನು ಒದಗಿಸಬೇಕೆಂಬ ನಿಯಮ 2011ರಿಂದ ಜಾರಿಯಲ್ಲಿದೆ. ಕಾಲೇಜುಗಳ ಪಟ್ಟಿ ಸಿದ್ಧವಾಗುವ ಜೂನಿಯರ್ ವರ್ಷದಲ್ಲಿಯೇ ಇದನ್ನು ಬಳಸುವಂತೆ ಸಲಹೆಗಾರರು ಸೂಚಿಸುತ್ತಾರೆ.

ವರ್ಷದ ಸಾಮಾನ್ಯ ಕ್ರಮ

ಶಾಲೆಗಳು ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಆರಂಭವಾಗಿ ಮೇ ಅಥವಾ ಜೂನ್‌ನಲ್ಲಿ ಮುಗಿಯುತ್ತವೆ. ಸಿದ್ಧತೆಯ ಸಾಮಾನ್ಯ ಕ್ರಮ ಹೀಗಿದೆ:

- ಶರತ್ಕಾಲ: ಸಲಹೆಗಾರರೊಂದಿಗೆ ಅಂಕಪಟ್ಟಿಯ ಪರಿಶೀಲನೆ, ಬಾಕಿ ಇರುವ ಕ್ರೆಡಿಟ್‌ಗಳ ಲೆಕ್ಕ, ಪಿಎಸ್‌ಎಟಿ ಪರೀಕ್ಷೆ, ಕಾಲೇಜು ಮೇಳಗಳಿಗೆ ಭೇಟಿ.
- ಚಳಿಗಾಲ: ಸೀನಿಯರ್ ವರ್ಷದ ವಿಷಯಗಳ ಆಯ್ಕೆ, ಎಸ್‌ಎಟಿ ಅಥವಾ ಎಸಿಟಿಗೆ ನೋಂದಣಿ.
- ವಸಂತಕಾಲ: ಪ್ರವೇಶ ಪರೀಕ್ಷೆಯ ಮೊದಲ ಪ್ರಯತ್ನ, ಕಾಲೇಜುಗಳ ಪ್ರಾಥಮಿಕ ಪಟ್ಟಿ, ಮೇ ತಿಂಗಳ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಪರೀಕ್ಷೆಗಳು, ಶಿಫಾರಸು ಪತ್ರಕ್ಕಾಗಿ ಶಿಕ್ಷಕರಲ್ಲಿ ಕೋರಿಕೆ.
- ಬೇಸಿಗೆ: ಕಡಿಮೆ ಶ್ರೇಣಿಯ ವಿಷಯಗಳ ಮರುಕಲಿಕೆ, ಉದ್ಯೋಗ ಅಥವಾ ಸ್ವಯಂಸೇವೆ, ಪ್ರಬಂಧದ ಕರಡು.

ಶಿಫಾರಸು ಪತ್ರಗಳನ್ನು ಹನ್ನೊಂದನೆಯ ತರಗತಿಯಲ್ಲಿ ಬೋಧಿಸಿದ ಶಿಕ್ಷಕರಿಂದ ಪಡೆಯುವುದು ವಾಡಿಕೆ. ವಿದ್ಯಾರ್ಥಿಯನ್ನು ಇಡೀ ವರ್ಷ ಇತ್ತೀಚೆಗೆ ಕಂಡವರು ಅವರೇ ಆಗಿರುವುದು ಇದಕ್ಕೆ ಕಾರಣ. 1975ರಲ್ಲಿ 15 ಕಾಲೇಜುಗಳಿಂದ ಆರಂಭವಾಗಿ ಈಗ ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಸ್ವೀಕರಿಸುವ ಕಾಮನ್ ಅಪ್ಲಿಕೇಷನ್ ಎಂಬ ಸಾಮಾನ್ಯ ಅರ್ಜಿಯು ಪ್ರತಿವರ್ಷ ಆಗಸ್ಟ್ 1ರಂದು ತೆರೆಯುತ್ತದೆ. ಅದರ ಮುಖ್ಯ ಪ್ರಬಂಧದ ಮಿತಿ 650 ಪದಗಳು. ಅವಧಿಪೂರ್ವ ಅರ್ಜಿಗಳ ಗಡುವು ಸಾಮಾನ್ಯವಾಗಿ ನವೆಂಬರ್ ಆರಂಭದಲ್ಲಿ ಬರುತ್ತದೆ.

ನೆರವಿನ ವ್ಯವಸ್ಥೆಗಳು

ಶಾಲಾ ಸಲಹೆಗಾರರು

ಈ ಎಲ್ಲ ಮಾಹಿತಿಯನ್ನು ವಿದ್ಯಾರ್ಥಿಗೆ ತಲುಪಿಸುವ ಪ್ರಾಥಮಿಕ ಹೊಣೆ ಶಾಲಾ ಸಲಹೆಗಾರರದು. ಒಬ್ಬ ಸಲಹೆಗಾರರಿಗೆ 250 ವಿದ್ಯಾರ್ಥಿಗಳಿರಬೇಕೆಂದು ಅಮೆರಿಕದ ಶಾಲಾ ಸಲಹೆಗಾರರ ಸಂಘ ಶಿಫಾರಸು ಮಾಡುತ್ತದೆ. 2022–23ರಲ್ಲಿ ರಾಷ್ಟ್ರೀಯ ಸರಾಸರಿ 385 ಆಗಿತ್ತು. ವೇಳಾಪಟ್ಟಿ ರಚನೆ, ಪರೀಕ್ಷೆಗಳ ನಿರ್ವಹಣೆ ಮತ್ತು ವಿದ್ಯಾರ್ಥಿಗಳ ಮಾನಸಿಕ ಸಂಕಷ್ಟಗಳಿಗೆ ಸ್ಪಂದಿಸುವ ಕೆಲಸವೂ ಇವರದೇ ಆದ್ದರಿಂದ ಕಾಲೇಜು ಮಾರ್ಗದರ್ಶನಕ್ಕೆ ಉಳಿಯುವ ಸಮಯ ಸೀಮಿತ. ಶ್ರೀಮಂತ ಕುಟುಂಬಗಳು ಈ ಕೊರತೆಯನ್ನು ಖಾಸಗಿ ಸಲಹೆಗಾರರಿಂದ ತುಂಬಿಕೊಳ್ಳುತ್ತವೆ. ಕಾಲೇಜು ಮೆಟ್ಟಿಲು ಹತ್ತದ ಪೋಷಕರ ಮಕ್ಕಳಿಗೆ ಮನೆಯಲ್ಲಿ ಕೇಳಿ ತಿಳಿಯುವ ಅನುಕೂಲವೂ ಇರುವುದಿಲ್ಲ.

ಸರ್ಕಾರಿ ಯೋಜನೆಗಳು

ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಬಡತನ ವಿರೋಧಿ ಕಾರ್ಯಕ್ರಮದ ಅಂಗವಾಗಿ 1964ರ ಆರ್ಥಿಕ ಅವಕಾಶ ಕಾಯ್ದೆಯಡಿ ಅಪ್‌ವರ್ಡ್ ಬೌಂಡ್ ಎಂಬ ಯೋಜನೆ ರೂಪುಗೊಂಡಿತು. 1965ರ ಉನ್ನತ ಶಿಕ್ಷಣ ಕಾಯ್ದೆಯಡಿ ಟ್ಯಾಲೆಂಟ್ ಸರ್ಚ್ ಆರಂಭವಾಯಿತು. 1968ರಲ್ಲಿ ಮೂರನೆಯ ಯೋಜನೆ ಸೇರಿದ ನಂತರ ಇವುಗಳನ್ನು ಒಟ್ಟಾಗಿ ಟ್ರಯೊ ಎಂದು ಕರೆಯುವುದು ರೂಢಿಗೆ ಬಂತು. ಅಪ್‌ವರ್ಡ್ ಬೌಂಡ್‌ನಲ್ಲಿ ವಾರಾಂತ್ಯದ ಬೋಧನೆ ಮತ್ತು ಕಾಲೇಜು ಆವರಣದಲ್ಲಿ ನಡೆಯುವ ಬೇಸಿಗೆ ತರಗತಿಗಳು ಮುಖ್ಯ. ಇದರ ಫಲಾನುಭವಿಗಳಲ್ಲಿ ಕನಿಷ್ಠ ಮೂರನೇ ಎರಡು ಭಾಗದವರು ಕಡಿಮೆ ಆದಾಯದವರೂ ತಮ್ಮ ಕುಟುಂಬದಲ್ಲಿ ಪದವಿ ಪಡೆಯಲಿರುವ ಮೊದಲ ತಲೆಮಾರಿನವರೂ ಆಗಿರಬೇಕು. 1998ರಲ್ಲಿ ಆರಂಭವಾದ ಗಿಯರ್ ಅಪ್ ಯೋಜನೆಯು ಏಳನೆಯ ತರಗತಿಯಿಂದಲೇ ಇಡೀ ತಂಡವನ್ನು ಹಿಂಬಾಲಿಸುತ್ತದೆ.

ಇತರ ಸಂಸ್ಥೆಗಳು

1980ರಲ್ಲಿ ಸ್ಯಾನ್ ಡಿಯಾಗೋದ ಕ್ಲೇರ್‌ಮಾಂಟ್ ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕಿ ಮೇರಿ ಕ್ಯಾಥರಿನ್ ಸ್ವಾನ್ಸನ್ ಆರಂಭಿಸಿದ ಆವಿಡ್ ಕಾರ್ಯಕ್ರಮವು ಮಧ್ಯಮ ಶ್ರೇಣಿಯ ವಿದ್ಯಾರ್ಥಿಗಳನ್ನು ಕಠಿಣ ವಿಷಯಗಳಿಗೆ ಸೇರಿಸಿ, ಟಿಪ್ಪಣಿ ಬರೆಯುವ ಮತ್ತು ಗುಂಪಿನಲ್ಲಿ ಕಲಿಯುವ ಕ್ರಮವನ್ನು ಕಲಿಸುತ್ತದೆ. ಕಾಲೇಜ್ ಅಡ್ವೈಸಿಂಗ್ ಕೋರ್ ಸಂಸ್ಥೆಯು ಇತ್ತೀಚೆಗೆ ಪದವಿ ಮುಗಿಸಿದ ಯುವಜನರನ್ನು ಪ್ರೌಢಶಾಲೆಗಳಲ್ಲಿ ಸಲಹೆಗಾರರನ್ನಾಗಿ ನಿಯೋಜಿಸುತ್ತದೆ. ಕ್ವೆಸ್ಟ್‌ಬ್ರಿಡ್ಜ್ ಸಂಸ್ಥೆಯು ಕಡಿಮೆ ಆದಾಯದ ಪ್ರತಿಭಾವಂತ ಜೂನಿಯರ್‌ಗಳಿಗಾಗಿಯೇ ಪ್ರತ್ಯೇಕ ಕಾರ್ಯಕ್ರಮ ನಡೆಸುತ್ತದೆ.

ನೆರವಿನ ಪರಿಣಾಮ ಕುರಿತ ಅಧ್ಯಯನಗಳು

ಮಾಹಿತಿ ನೀಡುವುದಷ್ಟೇ ಸಾಕೇ, ಅಥವಾ ಕೆಲಸ ಪೂರ್ಣಗೊಳಿಸಲು ಕೈಜೋಡಿಸಬೇಕೇ ಎಂಬುದು ಈ ಕ್ಷೇತ್ರದ ಮುಖ್ಯ ಪ್ರಶ್ನೆ. ಎರಿಕ್ ಬೆಟ್ಟಿಂಜರ್, ಬ್ರಿಜೆಟ್ ಟೆರಿ ಲಾಂಗ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೆರಿಗೆ ಸಲ್ಲಿಸಲು ಬಂದ ಕಡಿಮೆ ಆದಾಯದ ಕುಟುಂಬಗಳಿಗೆ ಅಲ್ಲಿಯೇ ಫಾಫ್ಸಾ ತುಂಬಿಕೊಡಲಾಯಿತು. ಹೀಗೆ ನೆರವು ಪಡೆದ ಕುಟುಂಬಗಳ ಪ್ರೌಢಶಾಲಾ ಸೀನಿಯರ್‌ಗಳಲ್ಲಿ ಮುಂದಿನ ಮೂರು ವರ್ಷಗಳೊಳಗೆ ಎರಡು ವರ್ಷಗಳ ಕಾಲೇಜು ಶಿಕ್ಷಣ ಪೂರೈಸಿದವರ ಪ್ರಮಾಣ ಶೇಕಡಾ 28ರಿಂದ 36ಕ್ಕೆ ಏರಿತು. ಸಹಾಯದ ಅಂದಾಜು ಮೊತ್ತವನ್ನು ತಿಳಿಸಿ ಕಳುಹಿಸಿದ ಗುಂಪಿನಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ.

ಕ್ಯಾರೊಲಿನ್ ಹಾಕ್ಸ್‌ಬಿ ಮತ್ತು ಸಾರಾ ಟರ್ನರ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪ್ರತಿಭಾವಂತ ಬಡ ವಿದ್ಯಾರ್ಥಿಗಳಿಗೆ ತಲಾ ಸುಮಾರು 6 ಡಾಲರ್ ವೆಚ್ಚದಲ್ಲಿ ಅಂಚೆಯ ಮೂಲಕ ಕಳುಹಿಸಿದ ಮಾಹಿತಿ ಮತ್ತು ಶುಲ್ಕ ವಿನಾಯಿತಿಯು ಅವರನ್ನು ಉತ್ತಮ ಕಾಲೇಜುಗಳತ್ತ ತಿರುಗಿಸಿತು. ಆದರೆ ಕಾಲೇಜ್ ಬೋರ್ಡ್ ಇದೇ ಮಾದರಿಯನ್ನು ಬೃಹತ್ ಪ್ರಮಾಣದಲ್ಲಿ ಅನುಸರಿಸಿದಾಗ ಅಂತಹ ಪರಿಣಾಮ ಕಂಡುಬರಲಿಲ್ಲ.

ಕಾಲೇಜೇತರ ಮಾರ್ಗಗಳು

ಎಲ್ಲ ಜೂನಿಯರ್‌ಗಳೂ ನಾಲ್ಕು ವರ್ಷಗಳ ಕಾಲೇಜಿಗೆ ಹೋಗುವುದಿಲ್ಲ. ಸಮುದಾಯ ಕಾಲೇಜುಗಳು ಸಾಮಾನ್ಯವಾಗಿ ಎಸ್‌ಎಟಿ ಇಲ್ಲದೆಯೇ ಪ್ರವೇಶ ನೀಡುತ್ತವೆ. ಅಲ್ಲಿ ಎರಡು ವರ್ಷ ಓದಿ ವಿಶ್ವವಿದ್ಯಾಲಯಕ್ಕೆ ವರ್ಗವಾಗುವ ಮಾರ್ಗ ಪ್ರೌಢಶಾಲೆಯಲ್ಲಿ ಅರ್ಹತೆ ತಪ್ಪಿಸಿಕೊಂಡವರಿಗೆ ಎರಡನೆಯ ಬಾಗಿಲಾಗಿದೆ. ವಿದ್ಯುತ್, ಕೊಳಾಯಿ, ನಿರ್ಮಾಣ ಮುಂತಾದ ವೃತ್ತಿಗಳಲ್ಲಿ ಸಂಬಳಸಹಿತ ಶಿಷ್ಯವೃತ್ತಿಗಳಿವೆ. ಸೇನೆಗೆ ಸೇರಬಯಸುವವರು ಎಎಸ್‌ವಿಎಬಿ ಎಂಬ ಅಭಿಕ್ಷಮತಾ ಪರೀಕ್ಷೆಯನ್ನು ಶಾಲೆಯಲ್ಲೇ ಉಚಿತವಾಗಿ ಬರೆಯಬಹುದು.

ಭಾರತೀಯ ವಲಸೆ ಕುಟುಂಬಗಳು

ಕರ್ನಾಟಕದಿಂದ ವಲಸೆ ಹೋದ ಪೋಷಕರಿಗೆ ಈ ವ್ಯವಸ್ಥೆ ಹೊಸತು. ಕರ್ನಾಟಕದಲ್ಲಿ ಹನ್ನೊಂದನೆಯ ತರಗತಿಗೆ ಸಮನಾದ ಪ್ರಥಮ ಪಿಯುಸಿಯ ಅಂಕಗಳು ಎಂಜಿನಿಯರಿಂಗ್ ಪ್ರವೇಶದ ಶ್ರೇಯಾಂಕಕ್ಕೆ ಸೇರುವುದಿಲ್ಲ. ದ್ವಿತೀಯ ಪಿಯುಸಿ ಮತ್ತು ಸಿಇಟಿಯ ಅಂಕಗಳನ್ನು ಸಮಪ್ರಮಾಣದಲ್ಲಿ ಪರಿಗಣಿಸಲಾಗುತ್ತದೆ. ಕೊನೆಯ ವರ್ಷದ ಪರಿಶ್ರಮವೇ ನಿರ್ಣಾಯಕ ಎಂಬ ಈ ಅನುಭವ ಅಮೆರಿಕದಲ್ಲಿ ಅನ್ವಯವಾಗುವುದಿಲ್ಲ. ನಡುವೆ ಶಾಲೆ ಬದಲಿಸಿ ಬಂದ ವಿದ್ಯಾರ್ಥಿಗಳು ಹಿಂದಿನ ಅಂಕಪಟ್ಟಿಗಳನ್ನು ಶಾಲೆಗೆ ಒಪ್ಪಿಸಿ, ಯಾವ ವಿಷಯಗಳಿಗೆ ಕ್ರೆಡಿಟ್ ದೊರೆತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಎಚ್-1ಬಿ ವೀಸಾದಲ್ಲಿರುವ ಪೋಷಕರ ಮಕ್ಕಳು ಅವಲಂಬಿತರ ಎಚ್-4 ವೀಸಾದಲ್ಲಿರುತ್ತಾರೆ. ಅವರು ಒಕ್ಕೂಟದ ಅನುದಾನ ಮತ್ತು ಸಾಲಗಳಿಗೆ ಅರ್ಹರಲ್ಲ. 21 ವರ್ಷ ತುಂಬಿದಾಗ ಆ ಸ್ಥಾನಮಾನವೂ ಕೊನೆಗೊಳ್ಳುವುದರಿಂದ, ಕಾಲೇಜಿನ ಮಧ್ಯದಲ್ಲಿ ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾದ ಸಂದರ್ಭ ಬರಬಹುದು. ರಾಜ್ಯದ ನಿವಾಸಿಗಳ ರಿಯಾಯಿತಿ ಶುಲ್ಕ ಇವರಿಗೆ ದೊರೆಯುವುದೇ ಎಂಬುದು ಆಯಾ ರಾಜ್ಯದ ಮತ್ತು ವಿಶ್ವವಿದ್ಯಾಲಯದ ನಿಯಮಗಳನ್ನು ಅವಲಂಬಿಸಿದೆ. ಖಾಸಗಿ ಕಾಲೇಜುಗಳು ತಮ್ಮದೇ ನಿಧಿಯಿಂದ ಸಹಾಯ ನೀಡಬಹುದಾದರೂ ಆ ನೀತಿಯೂ ಕಾಲೇಜಿನಿಂದ ಕಾಲೇಜಿಗೆ ಬೇರೆಯಾಗಿರುತ್ತದೆ. ಆದ್ದರಿಂದ ಇಂತಹ ಕುಟುಂಬಗಳಲ್ಲಿ ಕಾಲೇಜುಗಳ ಪಟ್ಟಿ ಮಾಡುವ ಹನ್ನೊಂದನೆಯ ತರಗತಿಯಲ್ಲೇ ವೀಸಾ ಮತ್ತು ಶುಲ್ಕದ ಪ್ರಶ್ನೆಗಳೂ ಎದುರಾಗುತ್ತವೆ.

ಇವನ್ನೂ ನೋಡಿ

- ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಶಿಕ್ಷಣ
- ಎಸ್‌ಎಟಿ
- ಪೆಲ್ ಅನುದಾನ
- ಸಮುದಾಯ ಕಾಲೇಜು
- ಪದವಿಪೂರ್ವ ಶಿಕ್ಷಣ